ಗದ್ದಲದ ನಡುವೆ ಫೇಸ್ ಅಳೆಯುವುದು: ನನ್ನ ಮತ ಮೈಕ್ರೋಕಂಟ್ರೋಲರ್‌ಗೆ

ಲೋಹ ಗುರುತಿಸಲು ಎರಡು ಕಾಯಿಲ್ ಸುತ್ತಿಕೊಂಡಿದ್ದೆ. ಒಂದಕ್ಕೆ 5 ಕಿಲೋಹರ್ಟ್ಸ್ ಕೊಟ್ಟು, ಇನ್ನೊಂದರಲ್ಲಿ ಹುಟ್ಟುವ ಕ್ಷೀಣ ಸಿಗ್ನಲ್‌ನ ಫೇಸ್, ಅಂದರೆ ಅದು ಮೊದಲ ಅಲೆಗಿಂತ ಎಷ್ಟು ಡಿಗ್ರಿ ಹಿಂದೆ ಮುಂದೆ ಇದೆ ಎಂಬುದನ್ನು ನೋಡಿದರೆ ತಾಮ್ರವೋ ಕಬ್ಬಿಣವೋ ತಿಳಿಯುತ್ತದೆ. ಅಗ್ಗವೆಂದು ಮೊದಲು ಎಸ್.ಪಿ. ರಸ್ತೆಯಿಂದ ತಂದದ್ದು ಎಲ್‌ಎಂ311 ಕಂಪ್ಯಾರೇಟರ್ (ಸಿಗ್ನಲ್ ಸೊನ್ನೆಗಿಂತ ಮೇಲೋ ಕೆಳಗೋ ಎಂದಷ್ಟೇ ಹೇಳುವ ಚಿಪ್) ಮತ್ತು ಎರಡು ಅಲೆಗಳ ಅಂಚುಗಳನ್ನು ಹೋಲಿಸಿ ಫೇಸ್ ತಿಳಿಸುವ 4046 ಚಿಪ್. ಆ ಹಣ ವ್ಯರ್ಥವಾಯಿತು.

ಗದ್ದಲ (ಬೇಡದ ವಿದ್ಯುತ್ ಏರಿಳಿತ) ಬೆರೆತ ಸಿಗ್ನಲ್ ಸೊನ್ನೆ ದಾಟುವಾಗ ಕಂಪ್ಯಾರೇಟರ್ ಒಮ್ಮೆಯ ಬದಲು ನಾಲ್ಕೈದು ಸಲ ಮಗುಚುತ್ತದೆ. ಅದನ್ನು ತಡೆಯಲು 10 ಮಿಲಿವೋಲ್ಟ್ ಹಿಸ್ಟೆರಿಸಿಸ್ ಕೊಟ್ಟೆ. ಅಲೆ ಏರುವಾಗ 10 ದಾಟಬೇಕು, ಇಳಿಯುವಾಗ ಮೈನಸ್ 10 ದಾಟಬೇಕು. ಆಸಿಲೋಸ್ಕೋಪ್‌ನಲ್ಲಿ ಅಂಚುಗಳು ನೇರವಾದವು. ಆದರೆ ತಾಮ್ರದ ತಟ್ಟೆಯನ್ನು ಒಂದು ಬೆರಳಿನಷ್ಟು ದೂರ ಸರಿಸಿದರೆ ಸಾಕು, ಫೇಸ್ ಆರು ಡಿಗ್ರಿ ಜಾರುತ್ತಿತ್ತು.

ಎರಡು ಭಾನುವಾರ ಕಾಯಿಲ್ ಬಿಚ್ಚಿ ಮತ್ತೆ ಸುತ್ತಿದೆ. ಕಾಯಿಲ್‌ನಲ್ಲಿ ದೋಷವೇ ಇರಲಿಲ್ಲ. ಅಲೆಯ ಎತ್ತರ 100 ಮಿಲಿವೋಲ್ಟ್ ಇದ್ದಾಗ 10ನ್ನು ಮುಟ್ಟುವುದು 5.7 ಡಿಗ್ರಿಗೆ, ಎತ್ತರ 50ಕ್ಕೆ ಕುಗ್ಗಿದರೆ 11.5 ಡಿಗ್ರಿಗೆ. ಲೋಹ ಅದೇ, ದೂರ ಮಾತ್ರ ಬೇರೆ. ಉಪಕರಣಕ್ಕೆ ಮಾತ್ರ ಅದು ಬೇರೆ ಲೋಹವಾಗಿ ಕಾಣುತ್ತದೆ. ಹಿಸ್ಟೆರಿಸಿಸ್ ತಗ್ಗಿಸಿದರೆ ಹಳೆಯ ಮಗುಚಾಟ ಮರಳುತ್ತದೆ. ಗದ್ದಲವಿರುವಲ್ಲಿ ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಗೆಳೆಯರೊಬ್ಬರಿಂದ ಎರವಲು ತಂದ ಎಡಿ630 ಎಂಬ ಡಿಮಾಡ್ಯುಲೇಟರ್ ನಿಜಕ್ಕೂ ಅಚ್ಚುಕಟ್ಟಾದ ಚಿಪ್. ಸಿಗ್ನಲ್ಲನ್ನು ರೆಫರೆನ್ಸ್‌ನಿಂದ (ಕಾಯಿಲ್‌ಗೆ ಕೊಟ್ಟ ಅಲೆಯ ಪ್ರತಿಯಿಂದ) ಗುಣಿಸಿ ಸರಾಸರಿ ತೆಗೆದರೆ ಗದ್ದಲ ಕರಗಿಹೋಗುತ್ತದೆ. ಆದರೆ ಎತ್ತರವನ್ನೂ ಫೇಸನ್ನೂ ಬೇರ್ಪಡಿಸಲು 90 ಡಿಗ್ರಿ ಸರಿದ ರೆಫರೆನ್ಸ್‌ನೊಂದಿಗೆ ಇನ್ನೊಂದು ಚಿಪ್ ಬೇಕು. ಎರಡಕ್ಕೆ ಸಾವಿರಾರು ರೂಪಾಯಿ.

ಮೇಜಿನ ಖಾನೆಯಲ್ಲೇ ಇದ್ದ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಬೋರ್ಡ್ ಅದೇ ಗುಣಾಕಾರವನ್ನು ಕೂಡಿ ಕಳೆಯುವುದರಲ್ಲೇ ಮುಗಿಸಿತು. ಪ್ರತಿ ಅಲೆಗೆ ಸರಿಯಾಗಿ ನಾಲ್ಕು ಮಾದರಿ, ಅಂದರೆ ಸಮಾನ ಅಂತರದಲ್ಲಿ ನಾಲ್ಕು ಸಲ ಅಳತೆ: ಮೊದಲನೆಯದರಿಂದ ಮೂರನೆಯದನ್ನು, ಎರಡನೆಯದರಿಂದ ನಾಲ್ಕನೆಯದನ್ನು ಕಳೆದು, ಸೆಕೆಂಡಿಗೆ 5,000 ಅಲೆಗಳನ್ನು ಕೂಡಿಸುತ್ತೇನೆ. ಎರಡು ಮೊತ್ತಗಳ ಅನುಪಾತವೇ ಫೇಸ್ ಹೇಳುತ್ತದೆ, ಎತ್ತರ ತಾನಾಗಿ ವಜಾ ಆಗುತ್ತದೆ. ಕಾಯಿಲ್‌ಗೆ ಹೋಗುವ ಅಲೆಯೂ ಮಾದರಿಯ ಗಡಿಯಾರವೂ ಒಂದೇ ಟೈಮರ್‌ನಿಂದ ಹುಟ್ಟಬೇಕು; ಎರಡು ಕ್ರಿಸ್ಟಲ್‌ಗಳ ನಡುವೆ ಹತ್ತು ಲಕ್ಷಕ್ಕೆ 20 ಪಾಲು ವ್ಯತ್ಯಾಸವಿದ್ದರೂ ಫೇಸ್ ಸೆಕೆಂಡಿಗೆ 36 ಡಿಗ್ರಿ ತಿರುಗುತ್ತದೆ. ಅಲೆಗೆ ನಾಲ್ಕೇ ಮಾದರಿ ಇರುವಾಗ 15 ಕಿಲೋಹರ್ಟ್ಸ್ ಗದ್ದಲವೂ 5ರಂತೆಯೇ ಕಂಡು ಒಳನುಸುಳುವುದರಿಂದ ಮುಂದೆ ಒಂದು ಆರ್‌ಸಿ ಫಿಲ್ಟರ್ (ಮೇಲಿನ ಆವರ್ತನಗಳನ್ನು ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಕಡ್ಡಾಯ. ಅದು ತರುವ ಸ್ಥಿರ ವಿಳಂಬವನ್ನು ತಾನು ಬಹುತೇಕ ಫೇಸ್ ಸರಿಸದ ಫೆರೈಟ್ ತುಂಡು ಹಿಡಿದು ಸೊನ್ನೆ ಮಾಡಿಕೊಂಡೆ.

ರಾತ್ರಿ ಕುಳಿತು ಕೋಡ್ ಬರೆಯುವುದು ನನಗೆ ರೂಢಿ, ಹೊಸ ಖರ್ಚೂ ಇಲ್ಲ. ಕೋಡ್ ಬೇಡವೆನ್ನುವವರು, ಹಣವಿದ್ದರೆ, ಎಡಿ630 ಕೊಳ್ಳಲಿ. ನನ್ನ ಮೇಜಿನ ಮೇಲೆ ಈಗ ಅದೇ ತಾಮ್ರದ ತಟ್ಟೆಯನ್ನು ಹತ್ತಿರ ತಂದರೂ ದೂರ ಒಯ್ದರೂ ಅಂಕಿ ಅರ್ಧ ಡಿಗ್ರಿಯೊಳಗೇ ನಿಲ್ಲುತ್ತದೆ.