ಹೀಥ್ರೂ–ಜೆಎಫ್‌ಕೆ ದೂರ ಎಷ್ಟು, ಹೊತ್ತು ಎಷ್ಟು: ಯಾವ ಲೆಕ್ಕ ನಂಬಬಹುದು?

ಲಂಡನ್ನಿನ ಹೀಥ್ರೂ, ನ್ಯೂಯಾರ್ಕಿನ ಜೆಎಫ್‌ಕೆ: ಎರಡು ವಿಮಾನ ನಿಲ್ದಾಣ. ಭೂಮಿಯನ್ನು ಚಪ್ಪಟೆ ಹಾಳೆಗೆ ಬಿಡಿಸಿದ ಮರ್ಕೇಟರ್ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 5,760 ಕಿ.ಮೀ., ಭೂಮಿಯನ್ನು ಪೂರ್ತಿ ಗುಂಡೆಂದು ಹಿಡಿಯುವ ಹ್ಯಾವರ್ಸೈನ್ ಸೂತ್ರಕ್ಕೆ 5,540, ಭೂಮಿಯ ಚಪ್ಪಟೆತನವನ್ನೂ ಗಣಿಸುವ ಡಬ್ಲ್ಯುಜಿಎಸ್ 84 ಲೆಕ್ಕಕ್ಕೆ 5,555.

ನಕ್ಷೆಯ ಗೆರೆಯನ್ನು ಮೊದಲೇ ಕೈಬಿಡಿ. ಅದು ದಿಕ್ಕು ಬದಲಿಸದೆ ಸಾಗುವ ದಾರಿ, ಹತ್ತಿರದ ದಾರಿಯಲ್ಲ. ನ್ಯೂಯಾರ್ಕ್ ಲಂಡನ್ನಿಗಿಂತ ದಕ್ಷಿಣಕ್ಕಿದ್ದರೂ ಹತ್ತಿರದ ದಾರಿ ಹೊರಡುವುದು 288 ಡಿಗ್ರಿಯಲ್ಲಿ, ಅಂದರೆ ನೇರ ಪಶ್ಚಿಮಕ್ಕಿಂತ (270 ಡಿಗ್ರಿ) ಉತ್ತರಕ್ಕೆ ವಾಲಿಕೊಂಡು. ಗ್ಲೋಬಿನ ಮೇಲೆ ದಾರ ಬಿಗಿಹಿಡಿದರೆ ಕಣ್ಣಿಗೇ ಕಾಣುತ್ತದೆ.

ಹ್ಯಾವರ್ಸೈನ್ ಸ್ಪ್ರೆಡ್‌ಶೀಟಿನ ಒಂದೇ ಸೆಲ್‌ನಲ್ಲಿ ಮುಗಿಯುತ್ತದೆ. ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಹಾಕಿ, ಭೂಮಿಯ ತ್ರಿಜ್ಯ 6,371 ಕಿ.ಮೀ. ಕೊಟ್ಟರಾಯಿತು. ಕೋನಗಳನ್ನು ಡಿಗ್ರಿಯಿಂದ ರೇಡಿಯನ್‌ಗೆ (ಕೋನ ಅಳೆಯುವ ಇನ್ನೊಂದು ಮಾನ) ಬದಲಿಸಲು ಮರೆತರೆ ಉತ್ತರ ಎಲ್ಲೋ ಹೋಗಿ ನಿಲ್ಲುತ್ತದೆ, ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಕಾಡುವುದು ಪಶ್ಚಿಮ ರೇಖಾಂಶಕ್ಕೆ ಹಾಕುವ ಮೈನಸ್ ಚಿಹ್ನೆ. ಹೀಥ್ರೂ ರೇಖಾಂಶ −0.4543. ಆ ಒಂದು ಮೈನಸ್ ಬಿಟ್ಟುಹೋದರೆ ಉತ್ತರ 5,600. ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ಎರಡೂ ಕಡೆ ಬಿಟ್ಟರಂತೂ ಉತ್ತರ ಸರಿಯಾಗಿಯೇ ಬರುತ್ತದೆ, ಅದೇ ಹಾಳೆಯಲ್ಲಿ ಪೂರ್ವದ ಊರೊಂದನ್ನು ಹಾಕಿದ ದಿನ ಕೈಕೊಡುತ್ತದೆ. ಇನ್ನೊಂದು: 51 ಡಿಗ್ರಿ 28 ನಿಮಿಷ ಎಂದರೆ 51.28 ಅಲ್ಲ, 51.47.

ಡಬ್ಲ್ಯುಜಿಎಸ್ ಲೆಕ್ಕದಿಂದ ಸಿಗುವ 15 ಕಿ.ಮೀ. ವಿಮಾನಕ್ಕೆ ಒಂದು ನಿಮಿಷದ ಮಾತು. ಅದಕ್ಕಾಗಿ ಕೋಡ್ ಬರೆಯುವ ಶ್ರಮ ಹೆಚ್ಚೇ. ಬರೆಯುವುದಾದರೆ, ಈ ಲೆಕ್ಕಕ್ಕೆ ಬಳಸುವ ವಿನ್ಸೆಂಟಿ ಸೂತ್ರ ಭೂಮಿಯ ಎದುರುಬದುರು ತುದಿಗಳ ಹತ್ತಿರ ಉತ್ತರಕ್ಕೆ ಬರದೆ ಸುತ್ತುತ್ತಲೇ ಇರಬಹುದು. ಅದೇ ಕೆಲಸದ ಕಾರ್ನಿ ವಿಧಾನಕ್ಕೆ ಆ ಕಾಯಿಲೆ ಇಲ್ಲ. ನಿಜವಾಗಿ ಹಾರುವ ದೂರ ಬೇಕಿದ್ದರೆ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ವಿಮಾನಗಳ ಇಂಗಾಲ ಲೆಕ್ಕಕ್ಕೆ ಬಳಸುವ ರೂಢಿ ಉಪಯೋಗಕ್ಕೆ ಬರುತ್ತದೆ: 5,500 ಕಿ.ಮೀ. ಮೀರಿದ ದಾರಿಗೆ 125 ಸೇರಿಸಿ.

ಹೊತ್ತಿನ ವಿಷಯದಲ್ಲಿ ಮಾತ್ರ ದೂರವನ್ನು ವೇಗದಿಂದ ಭಾಗಿಸುವ ಲೆಕ್ಕ ಸೋಲುತ್ತದೆ. ಗಂಟೆಗೆ 900 ಕಿ.ಮೀ. ಹಿಡಿದು, ಏರಲು, ಇಳಿಯಲು, ರನ್‌ವೇವರೆಗೆ ಉರುಳಲು 40 ನಿಮಿಷ ಕೂಡಿಸಿದರೆ 6 ಗಂಟೆ 50 ನಿಮಿಷ. ವೇಳಾಪಟ್ಟಿಯಲ್ಲಿ ನ್ಯೂಯಾರ್ಕಿಗೆ ಹೋಗಲು ಸುಮಾರು 8 ಗಂಟೆ, ಬರಲು ಸುಮಾರು 7. ಕಾರಣ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದ ರಭಸದ ಗಾಳಿ. ಹೋಗುವಾಗ ಕಳೆದದ್ದನ್ನು ಬರುವಾಗ ಗಾಳಿ ಪೂರ್ತಿ ಹಿಂದಿರುಗಿಸುವುದೂ ಇಲ್ಲ: ಗಂಟೆಗೆ 100 ಕಿ.ಮೀ. ಗಾಳಿಗೆ ಹೋಗಿ ಬರುವುದು ಎರಡೂ ಸೇರಿ ಒಂಬತ್ತು ನಿಮಿಷ ನಷ್ಟ, ಏಕೆಂದರೆ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿನಿಂದ 4 ಗಂಟೆ 56 ನಿಮಿಷಕ್ಕೆ ಲಂಡನ್ ಮುಟ್ಟಿತ್ತು; ಯಾವ ಸೂತ್ರವೂ ಅದನ್ನು ಹೇಳುತ್ತಿರಲಿಲ್ಲ.

ಹಾಗಾಗಿ ಹೊತ್ತಿಗೆ ವೇಳಾಪಟ್ಟಿಯೇ ವಾಸಿ. ಅದು ಗೇಟಿನಿಂದ ಗೇಟಿಗೆ ಬರೆದದ್ದು, ಎರಡೂ ಊರಿನ ಸ್ಥಳೀಯ ಸಮಯದಲ್ಲಿ. ಲಂಡನ್ನಿನಿಂದ ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಇಳಿದರೆ ಮೂರರ ಜೊತೆ ಎರಡೂ ಊರಿನ ಗಡಿಯಾರದ ವ್ಯತ್ಯಾಸದ ಐದು ಗಂಟೆ ಕೂಡಿಸಿ. ಆದರೆ ಅಮೆರಿಕ ಮಾರ್ಚಿನ ಎರಡನೇ ಭಾನುವಾರ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ಆ ಎರಡು-ಮೂರು ವಾರ, ಮತ್ತೆ ಅಕ್ಟೋಬರ್ ಕೊನೆಯ ಭಾನುವಾರದಿಂದ ಒಂದು ವಾರ, ಕೂಡಿಸಬೇಕಾದ್ದು ನಾಲ್ಕೇ.