ನಾಲ್ಕು ಪುಟ್ಟ ಮ್ಯಾನುವಲ್ ಲೆನ್ಸ್‌ಗಳು: ಜಾತ್ರೆ, ಗುಡಿ ಮತ್ತು ಕಿನ್ನಾಳದ ಪಡಸಾಲೆಯಲ್ಲಿ ಕಂಡ ವ್ಯತ್ಯಾಸ

ಲೈಕಾ ಎಂ3 ಕ್ಯಾಮೆರಾದ ಜೊತೆಗೆ 1954ರಲ್ಲಿ ಬಂದ ಎಂ-ಮೌಂಟ್‌ಗೆ (ಲೆನ್ಸ್ ಕೂರಿಸುವ ಜೋಡಣೆಗೆ) ಇಂದಿಗೂ ಹೊಸ ಲೆನ್ಸ್‌ಗಳು ಬರುತ್ತಲೇ ಇವೆ. ಜಪಾನಿನ ಕೋಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಕೈಯಿಂದಲೇ ಫೋಕಸ್ ಮಾಡುವ, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದಷ್ಟು ಚಿಕ್ಕ ಲೆನ್ಸ್‌ಗಳನ್ನು ತಯಾರಿಸುತ್ತಿದೆ. ಚೀನಾದ ಕಂಪನಿಗಳು ಅದೇ ಗಾತ್ರದವನ್ನು ಬಹಳ ಕಡಿಮೆ ಬೆಲೆಗೆ ಕೊಡುತ್ತಿವೆ. ಆದರೆ ಇವುಗಳನ್ನು ಕೈಯಲ್ಲಿ ಹಿಡಿದು, ಕ್ಯಾಮೆರಾಕ್ಕೆ ಹಾಕಿ ನೋಡಿ, ಆಮೇಲೆ ಕೊಳ್ಳಬಹುದಾದ ಅಂಗಡಿ ಕೊಪ್ಪಳದಲ್ಲಿ ಇಲ್ಲ. ಆದ್ದರಿಂದ ನನ್ನಲ್ಲಿರುವ ಎರಡನ್ನೂ ಗೆಳೆಯರಿಂದ ಎರವಲು ಪಡೆದ ಎರಡನ್ನೂ ನಮ್ಮ ಜಿಲ್ಲೆಯ ಬಿಸಿಲು, ಧೂಳು ಮತ್ತು ಕತ್ತಲೆಯ ಗುಡಿಗಳಲ್ಲಿ ಬಳಸಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಲಿಕೆಗೆ ಇಟ್ಟುಕೊಂಡವು ಇವು: ಫೋಕ್ಟ್‌ಲೆಂಡರ್ ಅಲ್ಟ್ರಾನ್ 35 ಎಂಎಂ ಎಫ್/2, ಫೋಕ್ಟ್‌ಲೆಂಡರ್ ಕಲರ್-ಸ್ಕೋಪಾರ್ 28 ಎಂಎಂ ಎಫ್/2.8, ಝೈಸ್ ಸಿ ಬಯೋಗಾನ್ 35 ಎಂಎಂ ಎಫ್/2.8 ಮತ್ತು ಟಿಟಿಆರ್ಟಿಸಾನ್ 28 ಎಂಎಂ ಎಫ್/5.6. ಎಂಎಂ ಅಂಕಿ (ಫೋಕಲ್ ಲೆಂಗ್ತ್) ಚಿಕ್ಕದಾದಷ್ಟೂ ಚಿತ್ರದಲ್ಲಿ ಹೆಚ್ಚು ಅಗಲ ಸೇರುತ್ತದೆ; ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್, ಅಂದರೆ ಬೆಳಕು ಬರುವ ಕಂಡಿ, ದೊಡ್ಡದು. ಇವುಗಳಲ್ಲಿ ಬಯೋಗಾನ್ ಹಳೆಯದು. ಉಳಿದವನ್ನು ಅಳೆಯಲು ಒಂದು ಮಾನದಂಡ ಬೇಕಿತ್ತೆಂದು ಅದನ್ನು ಸೇರಿಸಿಕೊಂಡೆ. ನಾಲ್ಕನ್ನೂ ಎರಡು ಕ್ಯಾಮೆರಾಗಳಲ್ಲಿ ನೋಡಿದೆ. ಒಂದು ಲೈಕಾ ಎಂ ಟೈಪ್ 240 ರೇಂಜ್‌ಫೈಂಡರ್ (ವ್ಯೂಫೈಂಡರಿನಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ), ಇನ್ನೊಂದು ಈ ಲೆನ್ಸ್‌ಗಳನ್ನು ಕೂರಿಸಲು ಅಡಾಪ್ಟರ್ ಹಾಕಿದ ಸೋನಿ ಎ7ಸಿ ಮಿರರ್‌ಲೆಸ್ (ಸೆನ್ಸರಿಗೆ ಬಿದ್ದ ಬಿಂಬವನ್ನೇ ಪರದೆಯಲ್ಲಿ ತೋರಿಸುವ ಕ್ಯಾಮೆರಾ). ಎರಡರಲ್ಲೂ ಫುಲ್ ಫ್ರೇಮ್ ಸೆನ್ಸರ್ ಇದೆ, ಎರಡೂ 24 ಮೆಗಾಪಿಕ್ಸೆಲ್‌ನವು. ಹೀಗಿದ್ದರೂ ಒಂದೇ ಲೆನ್ಸ್ ಈ ಎರಡರಲ್ಲಿ ಬೇರೆ ಬೇರೆ ಲೆನ್ಸ್‌ನಂತೆ ವರ್ತಿಸುತ್ತದೆ. ಕೊಳ್ಳುವವರು ಬೆಲೆ, ತೂಕ, ಅಪರ್ಚರ್ ಇವೆಲ್ಲಕ್ಕಿಂತ ಮೊದಲು ತಮ್ಮ ಕ್ಯಾಮೆರಾ ಯಾವುದೆಂದು ಯೋಚಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ತೂಕದ ಮಾತನ್ನು ಬೇಗ ಮುಗಿಸಬಹುದು. ಸ್ಕೋಪಾರ್ ನೂರು ಗ್ರಾಂ ಆಸುಪಾಸಿನಲ್ಲಿದೆ, ಟಿಟಿಆರ್ಟಿಸಾನ್ ಹಿತ್ತಾಳೆಯದಾದ್ದರಿಂದ ನೂರೈವತ್ತರ ಹತ್ತಿರ, ಅಲ್ಟ್ರಾನ್ 170, ಬಯೋಗಾನ್ ಸುಮಾರು 200. ಕೊರಳಿಗೆ ಹಾಕಿಕೊಂಡು ದಿನವಿಡೀ ತಿರುಗಿದರೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಅಡಾಪ್ಟರ್. ಎಂ-ಮೌಂಟ್‌ನಲ್ಲಿ ಲೆನ್ಸ್‌ನ ಬುಡದಿಂದ ಸೆನ್ಸರ್‌ವರೆಗೆ 27.8 ಮಿ.ಮೀ. ದೂರವಿರಬೇಕು, ಸೋನಿ ಇ-ಮೌಂಟ್‌ನಲ್ಲಿ ಅದು 18 ಮಿ.ಮೀ. ಉಳಿದ 9.8 ಮಿ.ಮೀ.ಯನ್ನು ಅಡಾಪ್ಟರ್ ತುಂಬಬೇಕು. ಮೂರು ಸೆಂಟಿಮೀಟರ್‌ಗಿಂತಲೂ ಗಿಡ್ಡಗಿರುವ ಲೆನ್ಸ್‌ಗೆ ಒಂದು ಸೆಂಟಿಮೀಟರಿನ ಬಳೆ ಸೇರಿದರೆ ಪುಟ್ಟದು ಎಂಬ ಮಾತಿನಲ್ಲಿ ಮೂರನೆಯ ಒಂದು ಪಾಲು ಅಲ್ಲಿಯೇ ಕರಗುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅನಂತಕ್ಕೆ (ಬಹಳ ದೂರದ ವಸ್ತುಗಳಿಗೆ) ಫೋಕಸ್ ಸಿಗದೆ ಹೋಗಬಾರದೆಂದು ಬಹಳಷ್ಟು ಅಡಾಪ್ಟರ್‌ಗಳನ್ನು ಅಳತೆಗಿಂತ ಕೂದಲೆಳೆಯಷ್ಟು ತೆಳ್ಳಗೆ ಮಾಡಿರುತ್ತಾರೆ. ಆಗ ಲೆನ್ಸ್‌ನ ಮೇಲೆ ಕೆತ್ತಿದ ಮೀಟರ್ ಗುರುತುಗಳು ನಿಜವಾದ ದೂರಕ್ಕೆ ಹೊಂದುವುದಿಲ್ಲ. ಲೈಕಾದಲ್ಲಿ ಮೂರು ಮೀಟರಿಗೆ ಇಟ್ಟರೆ ಮೂರು ಮೀಟರ್. ನನ್ನ ಅಡಾಪ್ಟರಿನಲ್ಲಿ ಅದೇ ಗುರುತಿಗೆ ಇಟ್ಟರೆ ಫೋಕಸ್ ಅದಕ್ಕಿಂತ ಆಚೆ ಬೀಳುತ್ತದೆ. ಕಣ್ಣಿಗೆ ಕ್ಯಾಮೆರಾ ಹಿಡಿಯದೆ, ದೂರವನ್ನು ಅಂದಾಜು ಮಾಡಿ ಚಿತ್ರ ತೆಗೆಯುವ ಪದ್ಧತಿಯೇ ಈ ಪುಟ್ಟ ಲೆನ್ಸ್‌ಗಳ ಜೀವಾಳ. ಗುರುತನ್ನು ನಂಬಲಾಗದಿದ್ದರೆ ಆ ಪದ್ಧತಿಗೆ ಆಧಾರವೇ ಉಳಿಯುವುದಿಲ್ಲ.

ಈ ಪದ್ಧತಿಯ ಬೆಲೆ ತಿಳಿಯುವುದು ಕೊಪ್ಪಳದ ಗವಿಮಠದ ಅಜ್ಜನ (ಗವಿಸಿದ್ಧೇಶ್ವರರ) ಜಾತ್ರೆಯಲ್ಲಿ. ತೇರು ಎಳೆಯುವ ಸಂಜೆ ಮಠದ ಮುಂದಿನ ಬಯಲಿನಲ್ಲಿ ಲಕ್ಷಾಂತರ ಜನ ಸೇರಿರುತ್ತಾರೆ. ಉತ್ತತ್ತಿ ಎಸೆಯುವ ಕೈಗಳು ಮೇಲೇಳುವ ಕ್ಷಣದಲ್ಲಿ ವ್ಯೂಫೈಂಡರಿನಲ್ಲಿ ಎರಡು ಬಿಂಬಗಳನ್ನು ಒಂದಾಗಿಸುತ್ತ ಕೂರಲು ಆಗುವುದಿಲ್ಲ. 28 ಎಂಎಂ ಲೆನ್ಸ್ ಅನ್ನು ಎಫ್/8ಕ್ಕೆ ತಂದು 3.3 ಮೀಟರಿಗೆ ಇಟ್ಟರೆ ಸುಮಾರು 1.6 ಮೀಟರಿನಿಂದ ಅನಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. 35 ಎಂಎಂ ಅನ್ನು ಅದೇ ಎಫ್/8ರಲ್ಲಿ ಮೂರು ಮೀಟರಿಗೆ ಇಟ್ಟರೆ ಸ್ಪಷ್ಟತೆ ಹೆಚ್ಚುಕಡಿಮೆ 1.9ರಿಂದ 7.2 ಮೀಟರಿನವರೆಗೆ ಮಾತ್ರ. ಮುಂದಿನ ಮುಖ ಸಿಕ್ಕರೂ ಹಿಂದಿನ ತೇರಿನ ಕಳಸ ಮೆತ್ತಗಾಗುತ್ತದೆ. ಆದ್ದರಿಂದ ಜಾತ್ರೆಗೆ ಸ್ಕೋಪಾರ್ ಸ್ಪಷ್ಟವಾಗಿ ಮೇಲು. ಕನ್ನಡಕ ಹಾಕುವ ನನಗೆ ಲೈಕಾದ ವ್ಯೂಫೈಂಡರಿನಲ್ಲಿ 28ರ ಚೌಕಟ್ಟಿನ ಅಂಚುಗಳು ಪೂರ್ತಿ ಕಾಣುವುದಿಲ್ಲ ಎಂಬುದೊಂದೇ ಕೊರತೆ, ಆದರೆ ಆ ನೂಕುನುಗ್ಗಲಿನಲ್ಲಿ ಚೌಕಟ್ಟನ್ನು ನೋಡುವ ಪುರಸೊತ್ತು ಹೇಗೂ ಇರುವುದಿಲ್ಲ.

ಟಿಟಿಆರ್ಟಿಸಾನ್ ಕೂಡ 28 ಎಂಎಂ ಆದ್ದರಿಂದ ಅಲ್ಲಿ ಅದಕ್ಕೂ ಜಾಗವಿರಬೇಕಿತ್ತು. 1955ರ ಲೈಕಾ ಸುಮ್ಮಾರಾನ್‌ನ ರೂಪದಲ್ಲಿಯೇ ಮಾಡಿದ ಈ ಲೆನ್ಸ್ ನೋಡಲು ಬಹಳ ಚೆಂದ, ಮಧ್ಯಾಹ್ನದ ಬಿಸಿಲಿನಲ್ಲಿ ಕೊಡುವ ಚಿತ್ರವೂ ಚೆಂದ; ಮೂಲೆಗಳು ಕಪ್ಪಾಗುವುದನ್ನು ಇಷ್ಟಪಡುವವರಿಗೆ ಇನ್ನೂ ಚೆಂದ. ಆದರೆ ಫೋಕಸ್ ಹಿಡಿಯನ್ನು ಅನಂತಕ್ಕೆ ತಂದಾಗ ಅದು ಕಟಕ್ಕನೆ ಬೀಗ ಹಾಕಿಕೊಳ್ಳುತ್ತದೆ, ಬಿಡಿಸಲು ಗುಂಡಿ ಒತ್ತಬೇಕು. ಒಂದು ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಎಫ್/5.6ರಲ್ಲಿ ಕೆಲಸ ಸಾಗುವುದೂ ಕಷ್ಟ. ಹಗಲಿನ ಬೀದಿಗೆ, ಕಡಿಮೆ ಖರ್ಚಿನಲ್ಲಿ ರೇಂಜ್‌ಫೈಂಡರ್ ರೂಢಿಸಿಕೊಳ್ಳುವವರಿಗೆ ಇದನ್ನು ಧಾರಾಳವಾಗಿ ಹೇಳಬಹುದು, ಅದರಾಚೆಗೆ ಹೇಳಲಾರೆ.

ಹತ್ತಿರದ ಕೆಲಸದಲ್ಲಿ ಲೆಕ್ಕ ಬದಲಾಗುತ್ತದೆ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಾಕುವುದನ್ನು ತೆಗೆಯಬೇಕಿತ್ತು. ಪಡಸಾಲೆಗೆ ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಹಿರಿಯರೊಬ್ಬರು ಒಂದು ಗೌರಿಯ ಮುಖಕ್ಕೆ ಕಣ್ಣು ಬರೆಯುತ್ತಿದ್ದರು: ಎಡಗೈಯಲ್ಲಿ ಗೊಂಬೆಯ ಕತ್ತು, ಬಲಗೈಯ ಕಿರುಬೆರಳು ಅದರ ಗಲ್ಲಕ್ಕೆ ಆನಿಸಿದೆ, ನಾಲ್ಕೈದು ಎಳೆಗಳಷ್ಟೇ ಇರುವ ಕುಂಚದ ತುದಿ ರೆಪ್ಪೆಯ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದೆ. ಸ್ಕೋಪಾರ್ ಅರ್ಧ ಮೀಟರಿನವರೆಗೆ ಫೋಕಸ್ ಆಗುತ್ತದೆಂದು ಅದನ್ನು ಹಾಕಿಕೊಂಡು ಹತ್ತಿರ ಕುಳಿತೆ. ಅವರು ತಲೆ ಎತ್ತದೆಯೇ, “ತಮ್ಮಾ, ಬೆಳಕಿಗೆ ಅಡ್ಡ ಆಗ್ತದ, ಸ್ವಲ್ಪ ಹಿಂದಕ್ಕ ಸರಿ” ಅಂದರು. “ಆತ್ರೀ ಕಾಕಾ” ಎಂದು ಸರಿದು ಅಲ್ಟ್ರಾನ್ ಹಾಕಿದೆ.

ಅಲ್ಟ್ರಾನ್ ಫೋಕಸ್ ಆಗುವುದು 0.58 ಮೀಟರಿನವರೆಗೆ. ಅಂಕಿಯಲ್ಲಿ ಸ್ಕೋಪಾರ್ ಮುಂದಿದೆ ಎನಿಸುತ್ತದೆ, ಆದರೆ 28 ಎಂಎಂ ಹೆಚ್ಚು ಅಗಲವನ್ನು ಸೆರೆಹಿಡಿಯುವುದರಿಂದ ಅರ್ಧ ಮೀಟರಿನಲ್ಲಿ ಅದು ತೋರಿಸುವ ಗೊಂಬೆ, 0.58 ಮೀಟರಿನಲ್ಲಿ ಅಲ್ಟ್ರಾನ್ ತೋರಿಸುವ ಗೊಂಬೆಗಿಂತ ದೊಡ್ಡದಾಗಿರುವುದಿಲ್ಲ, ತುಸು ಚಿಕ್ಕದೇ ಆಗಿರುತ್ತದೆ. ಅಲ್ಟ್ರಾನ್‌ನಲ್ಲಿ ಎಂಟು ಸೆಂಟಿಮೀಟರ್ ಹಿಂದೆ ಇರಬಹುದು, ಬೆಳಕಿಗೆ ಅಷ್ಟು ಕಡಿಮೆ ಅಡ್ಡಿ, ಕೈಯ ಆಕಾರವೂ ಹಿಗ್ಗಿದಂತೆ ಕಾಣುವುದಿಲ್ಲ. ಜೊತೆಗೆ ಎಫ್/2 ಮತ್ತು ಎಫ್/2.8ರ ನಡುವೆ ಒಂದು ಪೂರ್ತಿ ಸ್ಟಾಪ್ ಇದೆ, ಅಂದರೆ ಎಫ್/2ರಲ್ಲಿ ಎರಡು ಪಟ್ಟು ಬೆಳಕು: ಸ್ಕೋಪಾರ್‌ನಲ್ಲಿ ಐಎಸ್ಓ (ಬೆಳಕಿಗೆ ಸೆನ್ಸರಿನ ಸಂವೇದನೆ) 3200 ಬೇಕಾದಲ್ಲಿ ಅಲ್ಟ್ರಾನ್‌ಗೆ 1600 ಸಾಕು. ಹಳೆಯ ಟೈಪ್ 240ಕ್ಕೆ ಈ ವ್ಯತ್ಯಾಸ ಸಣ್ಣದಲ್ಲ; 3200ರಲ್ಲಿ ಗೊಂಬೆಯ ಕೆಂಪು ಬಣ್ಣದ ಮೇಲೆ ಮರಳು ಚೆಲ್ಲಿದಂತೆ ಕಾಣುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 0.58 ಮೀಟರಿನಲ್ಲಿ, ಎಫ್/2ರಲ್ಲಿ ಸ್ಪಷ್ಟತೆಯ ಆಳ ಸುಮಾರು ಮೂರು ಸೆಂಟಿಮೀಟರ್, ಅಷ್ಟೇ. ಅಲ್ಲದೆ ಲೈಕಾದ ರೇಂಜ್‌ಫೈಂಡರ್ 0.7 ಮೀಟರಿನ ಒಳಗೆ ಲೆನ್ಸ್‌ನ ಜೊತೆ ಬರುವುದಿಲ್ಲ. ಅದಕ್ಕಿಂತ ಹತ್ತಿರ ಹೋದರೆ ಹಿಂದಿನ ಪರದೆಯನ್ನು ನೋಡಿಯೇ ಫೋಕಸ್ ಮಾಡಬೇಕು. ಇಲ್ಲಿ ಸೋನಿಯದೇ ಮೇಲುಗೈ. ಬಿಂಬವನ್ನು ಹಿಗ್ಗಿಸಿ ಕುಂಚದ ತುದಿಗೆ ಫೋಕಸ್ ಇಡಬಹುದು, ಒಳಗಿನ ಸ್ಟೆಬಿಲೈಸೇಶನ್ ಕೈಯ ನಡುಕವನ್ನು ತಡೆಯುತ್ತದೆ. ಎ7ಸಿಯ ವ್ಯೂಫೈಂಡರ್ ಚಿಕ್ಕದಾದ್ದರಿಂದ ಹಿಗ್ಗಿಸದೆ ಫೋಕಸ್ ನಂಬುವಂತಿಲ್ಲ. ಫೋಕಸ್ ಆದ ಅಂಚುಗಳಿಗೆ ಬಣ್ಣ ಕೊಡುವ ಪೀಕಿಂಗ್ ಎಫ್/2ರಲ್ಲಿ ಆಸೆ ತೋರಿಸಿ ಕೈಕೊಡುತ್ತದೆ. ಲೆನ್ಸ್‌ನಲ್ಲಿ ವಿದ್ಯುತ್ ಸಂಪರ್ಕ ಇಲ್ಲದಿರುವುದರಿಂದ 28 ತೆಗೆದು 35 ಹಾಕಿದಾಗ ಸ್ಟೆಬಿಲೈಸೇಶನ್‌ಗೆ ಹೊಸ ಫೋಕಲ್ ಲೆಂಗ್ತನ್ನು ಕೈಯಾರೆ ತಿಳಿಸಬೇಕು.

ಇಟಗಿಯ ಮಹಾದೇವ ದೇವಾಲಯ ಬಯೋಗಾನ್‌ಗೆ ಹೇಳಿ ಮಾಡಿಸಿದ ಜಾಗ. 1112ರಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದ ಈ ಗುಡಿಯ ಕಂಬಗಳನ್ನು ತಿರುಗಣಿಯಲ್ಲಿ ಕಡೆದಂತೆ ನುಣುಪಾಗಿ ಮಾಡಲಾಗಿದೆ. ಅವುಗಳ ಒಂದೊಂದು ಉಂಗುರದ ಅಂಚೂ ಲೆನ್ಸ್‌ನ ಗುಣವನ್ನು ಹೇಳಿಬಿಡುತ್ತದೆ. ಲೈಕಾದಲ್ಲಿ ಬಯೋಗಾನ್ ಎಫ್/2.8ರಲ್ಲಿಯೇ ಮೂಲೆಯವರೆಗೆ ಚೊಕ್ಕ, ಗೆರೆಗಳು ಎಲ್ಲಿಯೂ ಬಾಗುವುದಿಲ್ಲ, ಹೊರಗಿನ ಬಿಸಿಲು ನೇರವಾಗಿ ಬಿದ್ದರೂ ಕಪ್ಪು ಕಪ್ಪಾಗಿಯೇ ಇರುತ್ತದೆ. ಅಪರ್ಚರ್ ಮೂರನೆಯ ಒಂದು ಸ್ಟಾಪ್‌ಗೆ ಕ್ಲಿಕ್ಕಾಗುತ್ತದೆ, ಫೋಕ್ಟ್‌ಲೆಂಡರ್‌ಗಳಲ್ಲಿ ಅರ್ಧ ಸ್ಟಾಪ್‌ಗೆ. ಅಲ್ಟ್ರಾನ್ ಅದೇ ಮಟ್ಟಕ್ಕೆ ಬರಲು ಎಫ್/4 ಬೇಕು. ಎಫ್/2ರಲ್ಲಿ ಎದುರು ಬೆಳಕಿಗೆ ಅಂಚುಗಳು ತುಸು ಮಂಜಾಗುತ್ತವೆ. ಸ್ಕೋಪಾರ್ ಎರಡರ ನಡುವೆ.

ಆದರೆ ಅದೇ ಬಯೋಗಾನ್ ಅನ್ನು ಸೋನಿಗೆ ಹಾಕಿದಾಗ ಅಂಚಿನ ಕಂಬಗಳು ಒರೆಸಿದಂತೆ ಆದವು, ಎಫ್/8ಕ್ಕೆ ಇಳಿಸಿದರೂ ಮೂಲೆ ಪೂರ್ತಿ ಸುಧಾರಿಸಲಿಲ್ಲ. ಕಾರಣ ಲೆನ್ಸ್‌ನ ದೋಷವಲ್ಲ. ಸೋನಿ ಸೆನ್ಸರಿನ ಮೇಲಿರುವ ರಕ್ಷಣೆಯ ಗಾಜು ಸುಮಾರು ಎರಡು ಮಿ.ಮೀ. ದಪ್ಪ, ಲೈಕಾದಲ್ಲಿ ಅದು ಒಂದು ಮಿ.ಮೀ.ಗಿಂತ ತೆಳು. ಬಯೋಗಾನ್‌ನ ಹಿಂದಿನ ಗಾಜು ಸೆನ್ಸರಿಗೆ ಬಹಳ ಹತ್ತಿರವಿರುವುದರಿಂದ ಮೂಲೆಯ ಕಿರಣಗಳು ಓರೆಯಾಗಿ ಬಂದು ಆ ದಪ್ಪ ಗಾಜಿನಲ್ಲಿ ದಾರಿ ತಪ್ಪುತ್ತವೆ. ಅಲ್ಟ್ರಾನ್ ಮತ್ತು ಸ್ಕೋಪಾರ್ ಕೂಡ ಸೋನಿಯಲ್ಲಿ ಪೂರ್ತಿ ತೆರೆದಾಗ ಮೂಲೆಗಳನ್ನು ಕಳೆದುಕೊಳ್ಳುತ್ತವೆ, ಆದರೆ ಎಫ್/8ರಲ್ಲಿ ಕೆಲಸಕ್ಕೆ ಬರುವಷ್ಟು ಚೇತರಿಸಿಕೊಳ್ಳುತ್ತವೆ. ಲೈಕಾದಲ್ಲಿ ಮೊದಲ ಸ್ಥಾನಕ್ಕೆ ಸ್ಪರ್ಧಿಸುವ ಬಯೋಗಾನ್ ಸೋನಿಯಲ್ಲಿ ಮೂರನೆಯ ಸ್ಥಾನಕ್ಕೆ ಇಳಿಯುತ್ತದೆ.

ರೇಂಜ್‌ಫೈಂಡರ್ ಇರುವವರು ಒಂದೇ ಲೆನ್ಸ್ ಕೊಳ್ಳುವುದಾದರೆ ನಾನು ಅಲ್ಟ್ರಾನ್ ಕಡೆಗೆ ಕೈ ತೋರಿಸುತ್ತೇನೆ, ಅದು ಎಲ್ಲದರಲ್ಲಿಯೂ ಮೊದಲು ಎಂದಲ್ಲ. ಪಡಸಾಲೆ, ಗುಡಿ, ಬೀದಿ ಮೂರಕ್ಕೂ ಸಲ್ಲುವುದು ಅದೊಂದೇ. ಕೆಳಗಿನ ಫೋಕಸ್ ಹಿಡಿಗೆ ಬೆರಳು ಹೊಂದಿಕೊಂಡ ಮೇಲೆ ಕ್ಯಾಮೆರಾ ಕಣ್ಣಿಗೆ ಬರುವಷ್ಟರಲ್ಲಿ ದೂರ ತಾನಾಗಿ ಸರಿಹೋಗಿರುತ್ತದೆ. ಜಾತ್ರೆ, ಸಂತೆಗಳೇ ಮುಖ್ಯವಾದವರಿಗೆ ಸ್ಕೋಪಾರ್. ಗುಡಿಗಳಷ್ಟೇ ಸಾಕೆನ್ನುವವರಿಗೆ ಬಯೋಗಾನ್. ಮಿರರ್‌ಲೆಸ್ ಮಾತ್ರ ಇರುವವರಿಗೆ ಈ ನಾಲ್ಕರಲ್ಲಿ ಯಾವುದನ್ನೂ ಮೊದಲ ಲೆನ್ಸ್ ಆಗಿ ಹೇಳಲಾರೆ. ಅದೇ ಫೋಕ್ಟ್‌ಲೆಂಡರ್‌ನ ನೋಕ್ಟಾನ್ ಕ್ಲಾಸಿಕ್ 35 ಎಂಎಂ ಎಫ್/1.4 ಸೋನಿ ಇ-ಮೌಂಟ್‌ಗೆಂದೇ ತಯಾರಾಗುತ್ತದೆ. ಸುಮಾರು 260 ಗ್ರಾಂ ತೂಗಿದರೂ ಅಡಾಪ್ಟರ್ ಬೇಡ, 0.3 ಮೀಟರಿನವರೆಗೆ ಹತ್ತಿರ ಹೋಗಬಹುದು, ಫೋಕಸ್ ತಿರುಗಿಸಿದೊಡನೆ ಬಿಂಬ ತಾನೇ ಹಿಗ್ಗುವಂತೆ ಇಟ್ಟುಕೊಳ್ಳಬಹುದು, ಫೋಕಲ್ ಲೆಂಗ್ತನ್ನು ಕ್ಯಾಮೆರಾಕ್ಕೆ ಲೆನ್ಸೇ ತಿಳಿಸುತ್ತದೆ.