ನಡೆದು ನೋಡಿದಾಗ ಮುಂಬೈ, ಬೆಂಗಳೂರು, ಹೈದರಾಬಾದ್

ಧಾರವಾಡದವರಿಗೆ ದೊಡ್ಡ ಊರೆಂದರೆ ಮೊದಲು ಮುಂಬೈ, ಆಮೇಲೆ ಬೆಂಗಳೂರು. 1956ರವರೆಗೆ ಈ ಜಿಲ್ಲೆ ಮುಂಬೈ ಆಡಳಿತಕ್ಕೇ ಸೇರಿತ್ತು. ಕೆಲಸದ ನಿಮಿತ್ತ ಈ ಎರಡೂ ನಗರಗಳನ್ನು, ಜೊತೆಗೆ ಹೈದರಾಬಾದನ್ನು, ವಾಹನ ಬಿಟ್ಟು ನಡೆದು ನೋಡಿದ ಮೇಲೆ ನೋಟದ ಮಟ್ಟಿಗೆ ನನ್ನ ಮತ ಮುಂಬೈಗೆ.

ಫೋರ್ಟ್ ಭಾಗದ ದಾದಾಭಾಯಿ ನವರೋಜಿ ರಸ್ತೆಯಲ್ಲಿ ಕಟ್ಟಡಗಳು ಮುಂದೆ ಅಂಗಳ ಬಿಡದೆ ರಸ್ತೆಯ ಅಂಚಿಗೇ ಸಾಲಾಗಿ ನಿಂತಿವೆ; ಒಂದೊಂದರ ಶೈಲಿ ಬೇರೆಯಾದರೂ ಕೆಳಗಿನ ಕಮಾನಿನ ಪಡಸಾಲೆಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಜುಲೈ ತಿಂಗಳ ಜಡಿಮಳೆಯಲ್ಲೂ ಕೊಡೆ ಬಿಚ್ಚದೆ ಸಾಕಷ್ಟು ದೂರ ನಡೆಯಬಹುದು. ಬೆಲ್ಟು, ಮೊಬೈಲ್ ಕವರು ಮಾರುವವರು ಕಂಬಗಳಿಗೆ ತಾಡಪತ್ರಿ ಬಿಗಿದಿರುತ್ತಾರೆ. ಅದರ ಮೇಲಂಚಿನಲ್ಲಿ ಕಲ್ಲಿನ ಎಲೆಗಳ ಕೆತ್ತನೆ ಇಣುಕುತ್ತಿರುತ್ತದೆ. ಸ್ವಲ್ಪ ಮುಂದೆ ಓವಲ್ ಮೈದಾನದ ನಡುವೆ ನಿಂತರೆ ಪೂರ್ವಕ್ಕೆ ಗೋಥಿಕ್ ಶೈಲಿಯ ರಾಜಾಬಾಯಿ ಗೋಪುರ ಮತ್ತು ನಮ್ಮ ಅಜ್ಜಂದಿರ ಹೊಲದ ವ್ಯಾಜ್ಯಗಳು ಹೋಗಿ ತಲುಪುತ್ತಿದ್ದ ಹೈಕೋರ್ಟು, ಪಶ್ಚಿಮಕ್ಕೆ ಇಪ್ಪತ್ತನೆಯ ಶತಮಾನದ ಆರ್ಟ್ ಡೆಕೊ ಶೈಲಿಯ, ದುಂಡು ಬಾಲ್ಕನಿಗಳ ಮನೆಗಳು. ಎರಡು ಕಾಲಮಾನಗಳು ಹೀಗೆ ಎದುರುಬದುರಾಗಿರುವ ಈ ಸಮೂಹಕ್ಕೆ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಉಪನಗರ ಅಂಧೇರಿಯ ಕಡೆ ಹೋದರೆ ಈ ಮಾತು ಒಂದೂ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು.

ಬೆಂಗಳೂರಿನಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿಯೂ (ಈಗಿನ ಹೈಕೋರ್ಟು) ಅದರೆದುರಿನ ಕಲ್ಲಿನ ವಿಧಾನಸೌಧವೂ ಬಿಡಿಬಿಡಿಯಾಗಿ ಯಾವ ಊರಿಗೂ ಸೋಲುವಂಥವಲ್ಲ. ಆದರೆ ಎರಡೂ ಬೇಲಿಯ ಆಚೆಗಿವೆ, ನಡೆಯುವವನಿಗೆ ದೂರದ ದರ್ಶನವಷ್ಟೇ. ಅಲ್ಲಿ ಊರನ್ನು ಒಂದುಗೂಡಿಸುವ ಕೆಲಸವನ್ನು ಮರಗಳು ಮಾಡುತ್ತವೆ: ಕಬ್ಬನ್ ಪಾರ್ಕಿನ ಸುತ್ತಲಿನ ಮಳೆಮರಗಳ ನೆರಳು, ಫೆಬ್ರವರಿ ಕಳೆಯುವ ಹೊತ್ತಿಗೆ ಗುಲಾಬಿ ಬಣ್ಣ ತಳೆಯುವ ಟಬೂಬಿಯಾ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಹವೆ. ಮಲ್ಲೇಶ್ವರದಲ್ಲಿ ಮಧ್ಯಾಹ್ನವೂ ನಡೆಯಲು ಮನಸ್ಸಾಗುತ್ತದೆ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮುಂದೆ ಸಂಜೆಯೂ ಆಗುವುದಿಲ್ಲ.

ಹೈದರಾಬಾದಿನಲ್ಲಿ ನಡಿಗೆಗೆ ಯೋಗ್ಯವಾದದ್ದು 1591ರ ಚಾರ್‌ಮಿನಾರ್, ಪಕ್ಕದ ಲಾಡ್ ಬಜಾರಿನ ಬಳೆ ಅಂಗಡಿಗಳು, ಉತ್ತರಕ್ಕಿರುವ ನಾಲ್ಕು ಕಮಾನುಗಳು. ಹೈಟೆಕ್ ಸಿಟಿ ಇನ್ನೊಂದೇ ಊರು, ಕಾರಿನಲ್ಲೇ ನೋಡತಕ್ಕದ್ದು.

ಇದೇ ಅಳತೆಗೋಲು ಹಿಡಿದರೆ ಹುಬ್ಬಳ್ಳಿಯ ದುರ್ಗದಬೈಲು ಪೇಟೆ ಮುಂಬೈ ಕಡೆಗೆ, ಧಾರವಾಡದ ಹಳೆಯ ಬಡಾವಣೆಗಳು ಬೆಂಗಳೂರಿನ ಕಡೆಗೆ ವಾಲುತ್ತವೆ. ಈ ಎರಡೂ ಊರುಗಳ ನಡುವಿನ ಹೆದ್ದಾರಿ, ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿಗಾಗಿ ಅಗಲವಾದಾಗ ಸಾಲುಮರಗಳು ಹೋದವು, ಪಡಸಾಲೆಯಂತೂ ಮೊದಲೇ ಇರಲಿಲ್ಲ. ಬಸ್ ವೇಗವಾಗಿ ಸಾಗುತ್ತದೆ, ನಡೆಯುವವರು ನಿಲ್ದಾಣದ ಸೂರಿನಡಿಯಲ್ಲಿ ಮಾತ್ರ ನೆರಳು ಕಾಣುತ್ತಾರೆ.